ಪೇಪರಿನ ಫೋಟೊದಲ್ಲಿ ಅಮ್ಮನ ದನಿ

ಕಳೆದ ವರ್ಷ ಅವರೆಕಾಯಿ ಕಾಲದ ಒಂದು ಸೋಮವಾರ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಿಕ್ಕಬಳ್ಳಾಪುರದ ನಮ್ಮ ಮನೆಯ ಬಾಗಿಲು ತೆರೆದಿತ್ತು. ಮರೆವಿನ ಕಾಯಿಲೆಯಿದ್ದ ನನ್ನ ಅಮ್ಮ ಇರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟು, ಬಸ್ ಸ್ಟ್ಯಾಂಡು, ಆಸ್ಪತ್ರೆ, ಮಂಡಿಕಲ್ಲಿನ ನೆಂಟರ ಮನೆ ಎಲ್ಲ ಹುಡುಕಿದೆವು. ಮರುದಿನ ಊರಿನ ಸಣ್ಣ ಪತ್ರಿಕೆಯೊಂದಕ್ಕೆ ಪ್ರಕಟಣೆ ಕೊಡಲು ಹೋದೆ. ನನ್ನ ಬಳಿ ಇದ್ದದ್ದು ನನ್ನ ಮದುವೆಯಲ್ಲಿ ತೆಗೆದ ಫೋಟೊ. ಈಗಿನ ಅಮ್ಮನಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಸಂಪಾದಕರು, "ಈಚೆಗಿನ ವಿಡಿಯೊ ಇದ್ರೆ ಕೊಡಿ. ಫೋಟೊ ಪಕ್ಕದಲ್ಲಿ ಕ್ಯೂಆರ್ ಕೋಡ್ ಹಾಕ್ತೀವಿ. ಸ್ಕ್ಯಾನ್ ಮಾಡಿ ಮೊಬೈಲನ್ನ ಫೋಟೊ ಮೇಲೆ ಹಿಡಿದ್ರೆ ಪೇಪರ್ ಮೇಲೇ ವಿಡಿಯೊ ಓಡ್ತದೆ" ಎಂದರು.

ವಿಡಿಯೊ ಒಂದಿತ್ತು. ಅವರೆಕಾಯಿ ಬಿಡಿಸುತ್ತಾ ಅಮ್ಮ "ನೀನು ಯಾರಪ್ಪಾ?" ಎನ್ನುತ್ತಾರೆ. "ನಿನ್ನ ಮಗ ಕಣಮ್ಮಾ" ಎಂದು ನನ್ನ ದನಿ ಕೇಳಿಸುತ್ತದೆ.

ವಿಷಯ ಹೇಳಿದಾಗ ಅಕ್ಕ ಫೋನಿನಲ್ಲೇ ಅತ್ತಳು. "ಅಮ್ಮನ ಈ ಸ್ಥಿತೀನ ಊರೆಲ್ಲ ನೋಡ್ಬೇಕೇನೋ? ಬೇಡ ಕಣೋ." ನಾನು ಅವಳ ಮಾತು ಕೇಳದೆ ವಿಡಿಯೊ ಕೊಟ್ಟೆ.

ಬುಧವಾರ ಪೇಪರ್ ಬಂತು. ಹನ್ನೊಂದು ಗಂಟೆಗೆ ಅಲೀಪುರದಿಂದ ಫಾತಿಮಾ ಎಂಬುವವರ ಫೋನು. "ಫೋಟೊ ನೋಡಿ ಗೊತ್ತಾಗ್ಲಿಲ್ಲ ಅಣ್ಣಾ. ವಿಡಿಯೊದಲ್ಲಿ ದನಿ ಕೇಳಿ ಗೊತ್ತಾಯ್ತು. ಅಜ್ಜಿ ನಿನ್ನೆ ಸಾಯಂಕಾಲ ಬಸ್ ಸ್ಟಾಪಲ್ಲಿ ಕೂತಿದ್ರು. ನಮ್ಮನೇಲೇ ಅವ್ರೆ."

ಕಾರು ಮಾಡಿಕೊಂಡು ಹೋದೆ. ಮಂಚೇನಹಳ್ಳಿ ದಾಟಿದ್ದೇ ನೆನಪಿಲ್ಲ. ಬಾಗಿಲಲ್ಲಿ ನಿಂತು "ಅಮ್ಮಾ" ಎಂದೆ. ಅಮ್ಮ ಹೆದರಿ ಫಾತಿಮಾ ಅವರ ಹಿಂದೆ ಸರಿದರು. ನಾನು ಹೆಜ್ಜೆ ಮುಂದಿಟ್ಟೆ. ಫಾತಿಮಾ ಬಾಗಿಲಿಗೆ ಕೈ ಅಡ್ಡ ಹಿಡಿದರು.

"ನಿಲ್ಲಿ. ನೀವೇ ಮಗ ಅಂತ ಹೆಂಗೆ ನಂಬ್ಲಿ?"

ಆಧಾರ್ ಕಾರ್ಡ್ ತೋರಿಸಿದೆ. "ಇದ್ರಲ್ಲಿ ಅಜ್ಜಿ ಹೆಸ್ರೇ ಇಲ್ವಲ್ಲ" ಎಂದು ವಾಪಸ್ ಕೊಟ್ಟರು. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದರು. ಯಾರೋ "ಪೊಲೀಸ್ಗೆ ಹೇಳಣ" ಎಂದರು.

ಫಾತಿಮಾ ಒಳಗಿನಿಂದ ಪೇಪರ್ ತರಿಸಿ, ಫೋಟೊ ಮೇಲೆ ಮೊಬೈಲ್ ಹಿಡಿದರು. ನನ್ನ ಮಾತು ಬಂದ ಕೂಡಲೇ ನಿಲ್ಲಿಸಿ, "ಈಗ ನೀವು ಹೇಳಿ" ಎಂದರು.

ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೇ ಸಲ "ನಿನ್ನ ಮಗ ಕಣಮ್ಮಾ" ಎಂದಾಗ ಅಳು ಬಂತು. ಅವರು ಮತ್ತೊಮ್ಮೆ ವಿಡಿಯೊ ಹಾಕಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕೈ ತೆಗೆದರು.

ಅಮ್ಮ ಕಾರಿನವರೆಗೂ ಬಂದದ್ದು ಅವರ ಕೈ ಹಿಡಿದೇ. ಸೋಮವಾರದ ರಾತ್ರಿಯನ್ನು ಅಮ್ಮ ಎಲ್ಲಿ ಕಳೆದರೋ ಇಂದಿಗೂ ನಮಗೆ ಗೊತ್ತಿಲ್ಲ.

ಆ ಹೊಸ್ತಿಲಲ್ಲಿ ನನಗೆ ಫಾತಿಮಾ ಅವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಯಾರನ್ನೂ ಗುರುತಿಸಲಾಗದ ನನ್ನ ಅಮ್ಮನನ್ನು ಊರಿಗೆಲ್ಲ ತೋರಿಸಿದವನು ನಾನೇ. ಅದನ್ನು ನೋಡಿ ಯಾರು ಬೇಕಾದರೂ ಮಗನೆಂದು ಹೋಗಿ ನಿಲ್ಲಬಹುದಿತ್ತು. ಹೆತ್ತ ಮಗನಿಗೆ ಹೊಳೆಯದ ಆ ಭಯ, ಒಂದು ರಾತ್ರಿ ಊಟ ಹಾಕಿದವರಿಗೆ ಹೊಳೆದಿತ್ತು.