ಸುಡುಗಾಡಿನಾಚೆಯ ಹೆರಿಗೆ ಕೇಂದ್ರ

ಎಪ್ಪತ್ತರ ದಶಕದ ಕೊನೆಯಲ್ಲಿ ವರ್ತೂರು ಕೆರೆಯಾಚೆಯ ಒಂದು ಹಳ್ಳಿಯಲ್ಲಿ ನನಗೆ ನರ್ಸ್ ಕೆಲಸ ಸಿಕ್ಕಿತು. ಸರ್ಕಾರ ಹೊಸ ಹೆರಿಗೆ ಕೇಂದ್ರ ಕಟ್ಟಿಸಿತ್ತು, ಹಿಂದೆಯೇ ನನಗೊಂದು ಕೋಣೆ. ಊರೊಳಗಾದರೆ ಜಾಗಕ್ಕೆ ದುಡ್ಡು ಕೊಡಬೇಕೆಂದು ಪುಕ್ಕಟೆ ಸಿಕ್ಕ ಗೋಮಾಳದಲ್ಲಿ ಕಟ್ಟಿದ್ದರು. ಊರಿಗೂ ಅದಕ್ಕೂ ನಡುವೆ ಸುಡುಗಾಡು. ಬಸುರಿ ಸುಡುಗಾಡು ದಾಟಬಾರದೆಂಬುದು ಆ ಊರಿನ ಕೂಸಿಗೂ ಗೊತ್ತು. ಇಂಜಿನಿಯರು ಯಾರನ್ನೂ ಕೇಳಿರಲಿಲ್ಲ.

ಒಬ್ಬರೂ ಬರಲಿಲ್ಲ. ಕೇಂದ್ರ ಬಿಟ್ಟು ಕದಲಬಾರದೆಂದು ನನಗೆ ಕಟ್ಟಪ್ಪಣೆ ಬೇರೆ. ಬೆಳಿಗ್ಗೆ ಬಾಗಿಲು ತೆಗೆದು, ಮಂಚದ ಧೂಳು ಒರೆಸಿ, ಸಂಜೆಯವರೆಗೆ ಒಬ್ಬಳೇ ಕೂತಿರುತ್ತಿದ್ದೆ. ಹೆರಿಗೆ ಮಾಡಿಸಲು ಊರೊಳಗೆ ಬಾಡಿಗೆಗೆ ಒಂದು ಕೋಣೆ ಕೊಡಿಸಿ ಎಂದು ಮೇಲಿನವರಿಗೆ ಬರೆದೆ. ಅವಕಾಶವಿಲ್ಲವೆಂದು ಉತ್ತರ ಬಂತು. ಮಾರ್ಚ್ ತಿಂಗಳಲ್ಲಿ ಮಾತ್ರ, ಉಳಿದ ದುಡ್ಡು ವಾಪಸ್ ಹೋಗಬಾರದಲ್ಲ, ಲಾರಿಯೊಂದು ಬಂದು ಹನ್ನೆರಡು ಕಬ್ಬಿಣದ ಕುರ್ಚಿ ಇಳಿಸಿ ಹೋಯಿತು. ಊಟಕ್ಕಿಲ್ಲದ ಉಪ್ಪಿನಕಾಯಿ! ದಿನಕ್ಕೊಂದು ಕುರ್ಚಿಯ ಮೇಲೆ ಕೂತು ನೋಡಿದೆ. ಹದಿಮೂರನೆಯ ದಿನ ಅತ್ತುಬಿಟ್ಟೆ.

ಆಮೇಲೆ ಒಬ್ಬಳು ಬಂದಳು. ಎರಡು ಮಕ್ಕಳನ್ನು ಹೆರಿಗೆಯಲ್ಲೇ ಕಳೆದುಕೊಂಡವಳು, ಮತ್ತೆ ಐದು ತಿಂಗಳ ಬಸುರಿ. ಸುಡುಗಾಡಿನ ಆ ಬದಿಯ ಹುಣಸೆ ಮರದ ಕೆಳಗೆ ನಿಂತು ಕೂಗಿದಳು: "ನರ್ಸಮ್ಮಾ, ನಾನು ಅಲ್ಲಿಗೆ ಬರಂಗಿಲ್ಲ. ನೀವೇ ಇತ್ಲಾಗೆ ಬರ್ರಮ್ಮಾ!"

ಕಟ್ಟಪ್ಪಣೆ ಹಾಳಾಗಲಿ ಎಂದು ಒಂದು ಕುರ್ಚಿ ಹೊತ್ತುಕೊಂಡು ಹೋದೆ. ಅವಳನ್ನು ಕೂರಿಸಿ ಪರೀಕ್ಷೆ ಮಾಡಿದೆ. ವಾರವಾರವೂ ಬರತೊಡಗಿದಳು, ಸೆರಗಿನಡಿ ಮುದ್ದೆ ಸಾರು ತಂದು. "ಒಬ್ರೇ ಎಂಗಿರ್ತೀರಮ್ಮಾ, ದೆವ್ವದಂಗೆ?" ಎಂದು ನಗುತ್ತಿದ್ದಳು. ಆ ಊರಲ್ಲಿ ನನ್ನ ಜೊತೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ಈ ಸಲದ ಹೆರಿಗೆಗೆ ನಾನೇ ನಿನ್ನ ಮನೆಗೆ ಬರುತ್ತೇನೆಂದು ಮಾತು ಕೊಟ್ಟೆ.

ಅವಳಿಗೆ ಎಂಟು ತುಂಬುವ ಹೊತ್ತಿಗೆ ಹೊಸ ಸಾಹೇಬರು ತಪಾಸಣೆಗೆ ಬಂದರು. ಖರ್ಚು ಇಳಿಸಬೇಕೆಂದು ಮೇಲಿನಿಂದ ಆದೇಶವಂತೆ. ರಿಜಿಸ್ಟರಿನಲ್ಲಿ ಒಂದು ಹೆರಿಗೆಯೂ ಇರಲಿಲ್ಲ.

"ಬರೀ ದಂಡ ಕಣ್ರೀ ಇದು. ಮುಚ್ಚಿಬಿಡೋಣ," ಎಂದರು.

"ಸಾರ್, ಊರೊಳಗೆ ಒಂದು ಕೋಣೆ ಕೊಡಿ, ಸಾಕು. ಇದಕ್ಕೆ ಸುಣ್ಣ ಹೊಡೆಸೋ ದುಡ್ಡಲ್ಲೇ ಆಗತ್ತೆ."

"ಹೊಸ ಖರ್ಚಿನ ಮಾತೇ ಬೇಡಮ್ಮಾ."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ! ಕಟ್ಟಿದವರೂ ಮುಚ್ಚಿದವರೂ ಹುಣಸೆ ಮರದವರೆಗೆ ನಡೆದು ಹೋಗಿ ನೋಡಲಿಲ್ಲ. ವಾರದೊಳಗೆ ನನಗೆ ಪೀಣ್ಯಕ್ಕೆ ವರ್ಗವಾಯಿತು.

ಹೊರಡುವ ದಿನ ಅವಳು ಮರದಡಿ ಅದೇ ಕುರ್ಚಿಯ ಮೇಲೆ ಕೂತಿದ್ದಳು.

"ಮಾತು ಕೊಟ್ಟಿದ್ರಲ್ಲಮ್ಮಾ," ಎಂದಳು.

"ರಜಾ ಹಾಕಿ ಬರ್ತೀನಿ ಕಣೇ," ಎಂದೆ.

ದಿನ ತುಂಬಿದಾಗ ರಜೆ ಸಿಗಲಿಲ್ಲ. ಮುಂದಿನ ತಿಂಗಳು ಸಿಕ್ಕಿತು. ಪೀಣ್ಯದಿಂದ ಮಾರ್ಕೆಟ್ಟಿನ ಬಸ್ ಸ್ಟ್ಯಾಂಡಿನವರೆಗೆ ಬಂದೆ. ವರ್ತೂರಿನ ಬಸ್ಸು ಬಂದು ನಿಂತಿತು. ಆ ಮನೆಯಲ್ಲಿ ಮಗುವಿನ ಅಳು ಕೇಳದಿದ್ದರೆ ಅವಳ ಮುಖ ಹೇಗೆ ನೋಡಲಿ ಎಂದು ಹೆದರಿದೆ. ಬಸ್ಸು ಹೋಯಿತು. ಸರ್ಕಾರವನ್ನು ಇಷ್ಟೊಂದು ಬಯ್ಯುವ ನಾನೂ ಅವತ್ತು ಹುಣಸೆ ಮರದವರೆಗೆ ಹೋಗಲಿಲ್ಲ.