ದೊಡ್ಡವ್ವನ ಕೈ ನೋವು

ನಾನು ಚಿಕ್ಕವಳಿದ್ದಾಗ ಕೊಕ್ಕನೂರಿನ ನಮ್ಮ ಮನೆಯಲ್ಲಿ ಅಪ್ಪನೂ ಸೇರಿ ಎಲ್ಲರೂ ಹೆದರುತ್ತಿದ್ದುದು ದೊಡ್ಡವ್ವನ ಗಂಟಲಿಗೆ. ದೊಡ್ಡವ್ವ ಎಂದರೆ ಅಪ್ಪನ ಅತ್ತಿಗೆ, ನನ್ನನ್ನು ಎತ್ತಿ ಆಡಿಸಿದವಳು. ಅವಳು ಹಿತ್ತಲಲ್ಲಿ ನಿಂತು ಕೂಗಿದರೆ ಕಾಲುವೆಯಾಚೆ ಮೇಯುವ ಎಮ್ಮೆ ತಲೆ ಎತ್ತುತ್ತಿತ್ತು.

ಒಂದು ದಿನ ಅವಳ ಬೆನ್ನಿಗೆ ಸೀಗೆಪುಡಿ ಉಜ್ಜುವಾಗ, ಎಡ ಎದೆಯ ಪಕ್ಕದಲ್ಲಿ ಅಡಿಕೆಯಷ್ಟು ಗಟ್ಟಿಯಾದ ಗಂಟೊಂದು ನನ್ನ ಕೈಗೆ ತಾಗಿತು. “ಇದೇನು ದೊಡ್ಡವ್ವಾ?” ಎಂದೆ. ಬಚ್ಚಲ ಹೊಗೆಯಲ್ಲಿ ಅವಳ ಕಣ್ಣು ಇಷ್ಟಗಲವಾದವು. “ಯಾರ ಮುಂದಾದ್ರೂ ಬಾಯಿ ಬಿಟ್ಟೀಯ, ನಾಲಿಗೆ ಕಿತ್ತು ಕಾಗೆಗೆ ಹಾಕ್ತೀನಿ!” ಅಂದಿನಿಂದ ಕಾಗೆ ಕಂಡರೆ ಸಾಕು, ನಾನು ತುಟಿ ಬಿಗಿಯುತ್ತಿದ್ದೆ.

ಕೆಲವು ತಿಂಗಳಲ್ಲಿ ಅವಳ ಎಡಗೈ ಮೇಲಕ್ಕೆ ಏಳದಾಯಿತು. ಅಪ್ಪ ಎರಡು ಸಲ ಹರಿಹರದ ಡಾಕ್ಟರ ಬಳಿ ಕರೆದುಕೊಂಡು ಹೋದ. ಎರಡು ಸಲವೂ ಅವಳು “ಕೈ ನೋವು” ಎಂದಳು, ಡಾಕ್ಟರು ತೈಲ ಕೊಟ್ಟರು. ನಮ್ಮ ಮನೆಯ ಹಾಲು, ರೊಟ್ಟಿ, ಕೊನೆಗೆ ಬೆಕ್ಕು ಕೂಡ ಆ ತೈಲದ ಘಾಟು ಹೊಡೆಯತೊಡಗಿತು. ಮೂರನೆಯ ಸಲ ನನ್ನನ್ನೂ ಜೊತೆಗೆ ಕರೆದೊಯ್ದರು.

ಸ್ಪಿರಿಟ್ ವಾಸನೆಯ ಆ ಪುಟ್ಟ ಕೋಣೆಯಲ್ಲಿ ದೊಡ್ಡವ್ವನ ದನಿ ಸೊಳ್ಳೆಯ ದನಿಗಿಂತ ಸಣ್ಣದಾಯಿತು. “ಕೈ ನೋವ್ರಿ.”

“ಕೈ ಬಿಟ್ಟು ಬ್ಯಾರೆ ಏನಾರ ಐತೇನ್ರಿ?” ಎಂದರು ಡಾಕ್ಟರು.

“ಏನಿಲ್ರಿ.”

ಅಷ್ಟರಲ್ಲಿ ಕಿಟಕಿಯ ಸರಳಿನ ಮೇಲೆ ಕಾಗೆಯೊಂದು ಬಂದು ಕೂತಿತು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

“ಈ ಹುಡುಗಿಗೇನು, ಹಲ್ಲುನೋವಾ?” ಎಂದ ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಟಾರ್ಚ್ ಬಿಟ್ಟು, ತಣ್ಣನೆಯ ಸ್ಟೀಲ್ ಪಟ್ಟಿಯಿಂದ ನಾಲಿಗೆ ಒತ್ತಿದರು. ಕೀಳಲು ಶುರು ಮಾಡಿಯೇಬಿಟ್ಟರು ಅನ್ನಿಸಿತು ನನಗೆ. ಪಟ್ಟಿಯನ್ನು ತಳ್ಳಿ ಕಿರುಚಿದೆ: “ನಾನು ಹೇಳಿಲ್ರೀ! ದೊಡ್ಡವ್ವನ ಎದಿಯಾಗೆ ಗಂಟೈತೆ ಅಂತ ನಾನು ಯಾರಿಗೂ ಹೇಳಿಲ್ರೀ!”

ಅಪ್ಪ ಥಟ್ಟನೆ ಎದ್ದು ಹೊರಗೆ ಹೋದ. ಹೋಗುವಾಗ ಇನ್ಯಾರದೋ ಕೊಡೆ ಎತ್ತಿಕೊಂಡು ಹೋದ. ನರ್ಸಮ್ಮ ಬಂದು ಪರದೆ ಎಳೆದಳು. ಪರೀಕ್ಷೆ ಮುಗಿಸಿದ ಡಾಕ್ಟರ ಮುಖ ಸಪ್ಪಗಾಗಿತ್ತು.

“ಯಾವಾಗಿಂದ ಐತಮ್ಮ?”

“ಭತ್ತ ನಾಟಿ ಮಾಡ್ದಾಗಿಂದ್ರಿ. ನೋವೇ ಇರ್ಲಿಲ್ಲ, ಯಾಕ ತೋರಿಸ್ಲಿ? ಅದ್ರಾಗೂ ನೀವು ಗಂಡಸ್ರು.”

“ನೋವಿಲ್ದ ಗಂಟನ್ನೇ ಮೊದ್ಲು ತೋರಿಸ್ಬೇಕು ತಾಯಿ. ಕಂಕುಳಿಗೂ ಹಬ್ಬೈತೆ. ನಾಳೇನೇ ದಾವಣಗೆರೆಗೆ ಹೋಗ್ರಿ. ಇನ್ನೂ ಟೈಮ್ ಐತೆ.”

ಬಸ್ ಸ್ಟ್ಯಾಂಡಿನಲ್ಲಿ ಮೂವರೂ ಬಸ್ಸಿಗೆ ಕಾಯುತ್ತ ಕೂತೆವು. ದೊಡ್ಡವ್ವ ನನಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದಳು. ಖಾರ ತಾಳದೆ ನಾನು ನಾಲಿಗೆ ಹೊರಚಾಚಿದೆ. “ಒಳಗಿಟ್ಕಳೇ, ಕಾಗೆ ನೋಡ್ಯಾವು” ಎಂದಳು. ಅಪ್ಪ ನಕ್ಕ. ಅವಳೂ ನಕ್ಕಳು, ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ವಾರವೇ ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಒಂದು ಎದೆ ತೆಗೆದರು. ಆಮೇಲೆ ದೂರದ ಊರಿನಲ್ಲಿ, ನಮ್ಮ ಕಡೆ ‘ಕರೆಂಟು’ ಎನ್ನುವ ವಿಕಿರಣ ಚಿಕಿತ್ಸೆ ಕೊಡಿಸಿದರು. ಅವಳ ಕೂಗಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಮರಳಿ ಬಂದವಳು ರವಿಕೆಯ ಖಾಲಿ ಬದಿಗೆ ರಾಗಿ ತುಂಬಿದ ಪುಟ್ಟ ಚೀಲ ಇಟ್ಟುಕೊಂಡಳು. ಒಮ್ಮೆ ಅದು ತೂತಾಗಿ, ಅಂಗಳದ ಕೋಳಿಗಳೆಲ್ಲ ಅವಳ ಹಿಂದೆ ಮೆರವಣಿಗೆ ಹೊರಟವು! ಕಾಲುವೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು “ಗಂಟು ಗಿಂಟು ಐತೇನ್ರೇ?” ಎಂದು ಆಚೆ ದಡಕ್ಕೂ ಕೇಳುವಂತೆ ವಿಚಾರಿಸುತ್ತಿದ್ದಳು. ಅವರು ನಾಚಿ ಓಡುತ್ತಿದ್ದರು. ಆದರೆ ಒಬ್ಬಿಬ್ಬರು ಹಿತ್ತಲ ಬಾಗಿಲಿಂದ ಬಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದ್ದೂ ಉಂಟು. ಅವರನ್ನು ಅವಳೇ ಹರಿಹರಕ್ಕೆ ಕರೆದೊಯ್ದಳು. ನನ್ನ ಮದುವೆಯಲ್ಲಿ ಅಡುಗೆಯವರನ್ನೆಲ್ಲ ಬೈದವಳೂ ಅವಳೇ.

ಮೊನ್ನೆ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಆಶಾ ಕಾರ್ಯಕರ್ತೆ ಬಂದಿದ್ದಳಲ್ಲ, ಮೊಮ್ಮಕ್ಕಳೇ? ಎದೆಯ ಗಂಟನ್ನು ಗುರುತಿಸುವುದು ಹೇಗೆಂದು ಅವಳು ಚಿತ್ರ ತೋರಿಸಿ ಹೇಳುವಾಗ ನೀವಿಬ್ಬರೂ ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಿದ್ದಿರಿ. ಯಾರೂ ನಿಮ್ಮನ್ನು ಹೊರಗೆ ಕಳಿಸಲಿಲ್ಲ. “ಅಜ್ಜಿ, ನೀನು ತೋರಿಸ್ಕಂಡ್ಯಾ?” ಎಂದು ನಿಮ್ಮಲ್ಲಿ ಚಿಕ್ಕವನು ಕೇಳಿದ. “ಮುಂದಿನ ವಾರ ಹೋಗ್ತೀನಪ್ಪ” ಎಂದೆ. ಅವನು ಪೆನ್ಸಿಲ್ ಕೆಳಗಿಟ್ಟು ಎದ್ದು ಹೋಗಿ, ನನ್ನ ಚಪ್ಪಲಿ ತಂದು ಕಾಲ ಬಳಿ ಜೋಡಿಸಿಟ್ಟ.

ಇನ್ನೇನು ಮಾಡಲಿ? ಮೆಟ್ಟಿಕೊಂಡು ಹೊರಟೆ.