ಹಾಡು ನಿಲ್ಲಿಸಿದ ಬಸ್ಸಿನಲ್ಲಿ ಬೇಲೂರಿಗೆ

ಬೇಲೂರು ದೇವಾಲಯದ ಒಂದು ಕಂಬ ಹಿಂದೆ ತಿರುಗುತ್ತಿತ್ತೆಂದು ಎಲ್ಲರೂ ಹೇಳುತ್ತಾರೆ. ತಿರುಗಿದ್ದನ್ನು ಕಂಡವರು ಯಾರೆಂದರೆ ಮಾತು ಬದಲಿಸುತ್ತಾರೆ. ಸ್ವತಃ ಪರೀಕ್ಷಿಸಬೇಕೆಂದು ಮಾಘದ ಒಂದು ಬೆಳಿಗ್ಗೆ ಏಳೂವರೆಗೆ ಅರಸೀಕೆರೆಯಲ್ಲಿ ಖಾಸಗಿ ಬಸ್ಸು ಹತ್ತಿದೆ. ಜಾವಗಲ್ಲು, ಹಳೇಬೀಡುಗಳ ಮಾರ್ಗವಾಗಿ ಸುಮಾರು ಐವತ್ತೈದು ಕಿಲೋಮೀಟರು; ಟಿಕೆಟ್ಟು ಎಪ್ಪತ್ತು ರೂಪಾಯಿ. ಕಿವಿಗೆ ಮಫ್ಲರು ಸುತ್ತುವಷ್ಟು ಚಳಿಯಿತ್ತು.

ಪೇಟೆ ದಾಟುವ ಮೊದಲೇ ಹಾಡು ಆರಂಭವಾಯಿತು. ‘ಜೇನೂ ನೀನೇ, ಜಿಲೇಬಿ ನೀನೇ, ಲಾಲಲಾ ಲಡ್ಡು ನೀನೇ.’ ಗಾಯಕ ನಗುತ್ತಲೇ ಹಾಡುತ್ತಿದ್ದ. ಆತನಿಗೆ ಅಷ್ಟೊಂದು ಸಂತೋಷವೇಕೆಂಬುದಕ್ಕೆ ಸಾಹಿತ್ಯದಲ್ಲಿ ಯಾವ ಆಧಾರವೂ ಸಿಗಲಿಲ್ಲ. ಮುಗಿದೊಡನೆ ಅದೇ ಹಾಡು ಪುನಃ ಬಂತು. ಇಂಥವು ಹುಡುಗರಿಗಷ್ಟೇ ಹಿಡಿಸುತ್ತವೆಂದು ಕೇಳಿದ್ದೆ. ನನ್ನ ಪಕ್ಕದ ನರೆಗೂದಲಿನ ಕೊಬ್ಬರಿ ವರ್ತಕರು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದರು. ಮೂರನೆಯ ಸುತ್ತಿಗೆ ನಾನು ಎದ್ದು ನಿಂತೆ.

“ಯಜಮಾನ್ರೇ, ಈ ಬಸ್ಸಿಗೆ ಇದೇ ಹಾಡು,” ಎಂದ ಕಂಡಕ್ಟರ್ ಮಂಜಣ್ಣ.

“ಬಸ್ಸಿಗೆ ಪರ್ಮಿಟ್ಟಿದೆ. ಹಾಡಿಗೂ ಇದೆಯೇನಪ್ಪಾ?” ಎಂದೆ.

ಡ್ರೈವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಹಾಡು ನಿಲ್ಲಿಸಿದ. ಮುಂದಿನ ದಾರಿ ನೆಮ್ಮದಿಯಿಂದ ಸಾಗಿತು.

ಜಾವಗಲ್ಲಿನಲ್ಲಿ ಮಂಜಣ್ಣ ಮುಂದಿನ ಸೀಟು ನೋಡಿ ಗಾಬರಿಯಾದ. ಮೂರು ಕಿಲೋಮೀಟರು ಹಿಂದಿನ ಊರಿನಲ್ಲಿ ಹತ್ತಬೇಕಿದ್ದ, ಹೂವು ಕಟ್ಟುವ ಗಿರಿಜಕ್ಕ ಬಸ್ಸಿನಲ್ಲೇ ಇಲ್ಲ. ಹಳೇಬೀಡಿನ ಮದುವೆಗೆ ವಧೂವರರ ಹಾರಗಳು ಆಕೆಯ ಬುಟ್ಟಿಯಲ್ಲಿದ್ದವು, ಮುಹೂರ್ತ ಒಂಬತ್ತೂವರೆಗೆ. ಆತ ಫೋನು ಮಾಡಿದ.

“ನಿಮ್ ಬಸ್ಸೆಲ್ಲಿ ಬಂತ್ಲಾ?” ಎಂದಿತು ಫೋನು, ಎಲ್ಲರಿಗೂ ಕೇಳುವಂತೆ. “ಒಂದು ಮೂಗಬಸ್ಸು ಹೋಯ್ತು. ಯಾವ್ದೋ ಗಾರ್ಮೆಂಟ್ಸಿಂದು ಅಂದ್ಕಂಡೆ.”

ಆಗ ತಿಳಿಯಿತು: ಈ ದಾರಿಯವರು ರಸ್ತೆಯಲ್ಲಿ ನಿಂತು ಕಾಯುವುದಿಲ್ಲ. ಪ್ರತಿ ಬಸ್ಸಿಗೂ ಒಂದು ಹಾಡು. ತಿರುವಿನಲ್ಲಿ ಅದು ಕೇಳಿಸಿದ ಮೇಲೆ ಒಲೆ ಆರಿಸಿ ಮನೆಯಿಂದ ಹೊರಡುತ್ತಾರೆ. ಮುಂದಿನ ಬಸ್ಸು ಒಂಬತ್ತೂಕಾಲಿಗೆ. ಈ ಬಸ್ಸನ್ನು ತಿರುಗಿಸಲು ಟೈಮಿಂಗ್ ಬಿಡದು. ಬಸ್ಸಿನವರೆಲ್ಲ ನನ್ನತ್ತ ನೋಡಿದರು. ತಪ್ಪು ನನ್ನದೆಂಬುದಕ್ಕೆ ಈ ಸಲ ಆಧಾರ ಕೇಳಬೇಕಾಗಿರಲಿಲ್ಲ. ಇಳಿದು ಹಿಂದಿನ ಊರಿಗೆ ಆಟೋ ಹಿಡಿದೆ.

ಅರವತ್ತು ದಾಟಿದ ಗಿರಿಜಕ್ಕ, ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯೊಂದಿಗೆ ರಸ್ತೆಯಲ್ಲಿದ್ದರು.

“ನೀವೇನಾ ಹಾಡು ನಿಲ್ಸಿದೋರು? ಮುಖ ನೋಡಿದ್ರೇ ಗೊತ್ತಾಯ್ತದೆ.”

ಹಳೇಬೀಡಿನವರೆಗೂ ಆಕೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಲಡ್ಡು ಹಾಡನ್ನು ಗುನುಗಿದರು. “ಅದರಲ್ಲಿ ಏನಿದೆಯಮ್ಮಾ?” ಎಂದು ಕೇಳಿಯೇಬಿಟ್ಟೆ.

“ಏನೂ ಇಲ್ಲ ಕಣ್ರೀ, ಅದಕ್ಕೇ ಚೆಂದಾಗೈತೆ. ನಮ್ಮನೇಲಿ ‘ಊಟ ಆಯ್ತಾ’ ಅಂದ್ರೂ ಮೂರರ್ಥ. ಈ ಲಡ್ಡೂಗೆ ಒಂದೂ ಇಲ್ಲ. ಹಾಯಾಗಿರ್ತದೆ.”



ಛತ್ರ ತಲುಪಿದಾಗ ಮುಹೂರ್ತಕ್ಕೆ ನಾಲ್ಕು ನಿಮಿಷವಿತ್ತು. ಮದುವೆ ಹುಡುಗಿಯ ತಂದೆ ಬಾಗಿಲಲ್ಲಿ ಬೆವರುತ್ತಿದ್ದವರು ಬುಟ್ಟಿ ಕಸಿದುಕೊಂಡು ಒಳಗೋಡಿದರು. ತಡವೇಕೆಂದು ಕೇಳಿದವರಿಗೆಲ್ಲ ಗಿರಿಜಕ್ಕ ನನ್ನನ್ನು ತೋರಿಸಿದರು. ಅಕ್ಷತೆಯ ನಂತರ ಆ ತಂದೆಯೇ ಬಂದು, “ಉಂಡ್ಕಂಡೇ ಹೋಗ್ಬೇಕು ನೀವು,” ಎಂದರು; ದನಿ ದಂಡ ವಿಧಿಸುವಂತಿತ್ತು. ಮೂರು ಒಬ್ಬಟ್ಟು ತಿಂದು ದಂಡ ತೆತ್ತೆ.

ಹದಿನಾರು ಕಿಲೋಮೀಟರು ದಾಟಿ ಬೇಲೂರಿನಲ್ಲಿ ಕಂಬ ನೋಡಿದೆ, ನಿಂತೇ ಇತ್ತು. ತಿರುಗಿದ್ದನ್ನು ಕಂಡವರಾರೆಂದು ಗೈಡನ್ನು ಕೇಳಿದೆ. “ಕಂಡೋರನ್ನ ಕಂಡೋರು ಇದ್ರಂತೆ ಸಾರ್,” ಎಂದ. ಬರೆದುಕೊಳ್ಳಲಿಲ್ಲ.

ನಾಲ್ಕು ಗಂಟೆಗೆ ಹಿಂದಿರುಗಲು ಅದೇ ಬಸ್ಸು. ನನ್ನನ್ನು ಕಂಡೊಡನೆ ಮಂಜಣ್ಣ ತಾನಾಗಿಯೇ ಹಾಡು ನಿಲ್ಲಿಸಿದ.

“ಹಾಕಪ್ಪಾ. ಹಾಡು ಒಳ್ಳೆಯದೆಂದು ನಾನು ಒಪ್ಪಿದ್ದೇನೆಂದಲ್ಲ,” ಎಂದೆ.

“ಊರು ಬಂದಾಗ ಹಾಕ್ಲಾ, ಈಗ್ಲೇನಾ?”

“ಈಗಲೇ.”

ಹಳೇಬೀಡಿನಲ್ಲಿ ಹತ್ತಿದ ಗಿರಿಜಕ್ಕ ಇಳಿಬಿಸಿಲಿನಲ್ಲಿ ತಮ್ಮ ಊರಿನಲ್ಲಿಳಿದರು. ಬಸ್ಸು ಹೊರಟಾಗ ಹಿಂದಿನ ಕಿಟಕಿಯಿಂದ ನೋಡಿದೆ. ಬರಿಯ ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು ಆಕೆ ಹಾಡಿನ ಗತಿಗೆ ಸರಿಯಾಗಿ, ಮದುವಣಗಿತ್ತಿಯ ಗೆಳತಿಯಂತೆ, ಹೆಜ್ಜೆ ಹಾಕುತ್ತಿದ್ದರು. ನಾವು ದೂರವಾದಂತೆ ಆ ಹೆಜ್ಜೆ ನಿಧಾನವಾಯಿತು. ಬಸ್ಸು ತಿರುವಿಗೆ ಬರುವಷ್ಟರಲ್ಲಿ ಆಕೆ ಮತ್ತೆ ಅರವತ್ತು ದಾಟಿದವರಂತೆ ನಡೆಯತೊಡಗಿದರು. ಇದನ್ನು ಮಾತ್ರ ನಾನೇ ಕಣ್ಣಾರೆ ಕಂಡೆ.